ನಲವತ್ತೆರಡನೆಯ ಪೆಟ್ಟಿಗೆ

ಹಿರೇಕಟ್ಟೆ ಹಟ್ಟಿ
ಹದಿಮೂರನೆಯ ತಿಂಗಳ ಇಪ್ಪತ್ತಾರು, ಇಸವಿ ೨೩೦೪

ದಾವಣಗೆರೆಯ ಪಂಪ್‌ಸೆಟ್ ಕಂಪನಿಯ ಆಫೀಸಿನಲ್ಲಿದ್ದ ಮುಕ್ತಾಂಬ ಅವರಿಗೆ, ಸಿರಿಯಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹೆದರಬೇಡಿ. ನಿಮ್ಮಲ್ಲಿ ಅಧಿಕಮಾಸ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತಂತೆ, ನಮ್ಮಲ್ಲಿ ಪ್ರತಿವರ್ಷವೂ ಬರುತ್ತದೆ, ಅಷ್ಟೇ. ನನ್ನ ಮಾತು ಬಿಗುವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಈ ಬರವಣಿಗೆ ಕಲಿತದ್ದು ನಿಮ್ಮ ಕಂಪನಿಯ ಇಮೇಲ್‌ಗಳನ್ನು ಓದಿ. ಹೀಗಾಗಿ ಮನಸ್ಸಿನ ಮಾತು ಆಡಹೊರಟರೂ ಮೊದಲು ‘ಮಾನ್ಯರೇ’ ಎಂದೇ ಬಾಯಿಗೆ ಬರುತ್ತದೆ. ಸತ್ತು ಇನ್ನೂರು ವರ್ಷ ದಾಟಿದವರಿಗೆ ಕಾಗದ ಬರೆಯುವುದು ಹುಚ್ಚೆನ್ನುತ್ತಾಳೆ ನಮ್ಮಕ್ಕ ಕೆಂಚಮ್ಮ. ಅನ್ನಲಿ ಬಿಡಿ. ಬರೆಯದಿದ್ದರೆ ಇವತ್ತು ನನಗೆ ಕೈಕಾಲು ಆಡುವುದಿಲ್ಲ.

ನಾನು ಈ ಊರಿನ ಓಲೆಗಾತಿ. ಹಾಗೆಂದರೆ ಹಳೆಯ ಇಮೇಲ್‌ಗಳನ್ನು ಕಾಯುವವಳು. ನಮ್ಮ ಕಾಲದಲ್ಲಿ ಯಾರೂ ಬರೆಯುವುದಿಲ್ಲ. ದನಿಬಟ್ಟಲು ಎಂಬ ಅಂಗೈಯಗಲದ ಬಟ್ಟಲಿನೊಳಗೆ ಹೇಳಿದರೆ ಮಾತು ಬೇಕಾದವರ ಮನೆಗೆ ಹೋಗುತ್ತದೆ, ಕೇಳಿದ ಮೇಲೆ ಅಳಿದುಹೋಗುತ್ತದೆ. ಉಳಿಯುವುದು ನಿಮ್ಮವರು ಬರೆದದ್ದೇ. ನಮ್ಮ ಬೀದಿಗಳ ಮೇಲೆಲ್ಲ ನೆರಳುಬಟ್ಟೆ ಕಟ್ಟಿದೆ. ಬಿಸಿಲು ಹೀರಿ ದೀಪ ಉರಿಸುವ ಆ ಬಟ್ಟೆಯ ಕೆಳಗೆ ಮುನ್ನೂರ ಹನ್ನೆರಡು ಮನೆಗಳು. ನವಣೆ ಬೆಳೆಯುತ್ತೇವೆ, ಕುರಿ ಕಾಯುತ್ತೇವೆ, ಮನೆಗೆ ದಿನಕ್ಕೆ ನಾಲ್ಕು ಬಿಂದಿಗೆ ನೀರಿನಲ್ಲಿ ಸ್ನಾನ, ಅಡುಗೆ, ಜಗಳ ಎಲ್ಲ ಮುಗಿಸುತ್ತೇವೆ. ಈ ವರ್ಷ ಅದು ಎರಡು ಬಿಂದಿಗೆಗೆ ಇಳಿಯಿತು. ತಿಂಗಳ ಕೊನೆಯೊಳಗೆ ಹೊಸ ನೀರು ಸಿಗದಿದ್ದರೆ ಹಟ್ಟಿಯನ್ನು ಒಡೆದು ಆರು ಊರುಗಳಿಗೆ ಹಂಚುತ್ತೇವೆಂದು ಜಿಲ್ಲೆಯವರು ಕಡ್ಡಿ ಮುರಿದಂತೆ ಹೇಳಿದ್ದಾರೆ. ನನಗೆ ಬಂದದ್ದು ಒಂದೂರು, ಕೆಂಚಕ್ಕನಿಗೆ ಇನ್ನೊಂದು. ಹುಟ್ಟಿದಾಗಿನಿಂದ ನಾವಿಬ್ಬರೂ ಒಂದೇ ಒಲೆಯಲ್ಲಿ ಉಂಡವರು. ತಿಂಗಳು ಮುಗಿಯಲು ಇನ್ನು ಎರಡೇ ದಿನ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ನಿಮ್ಮ ಕಂಪನಿಯ ಇಮೇಲ್‌ಗಳನ್ನೆಲ್ಲ ಸ್ಟೋರ್ ರೂಮಿನ ಪಕ್ಕದ ಹಳೆಯ ಸರ್ವರ್‌ನಿಂದ ಕ್ಲೌಡಿಗೆ ಸಾಗಿಸಿದ ಆ ಶನಿವಾರ ನನಗೆ ಬಾಯಿಪಾಠ. ಸರ್ವರ್ ಗೊರಗೊರ ಎನ್ನುತ್ತಿತ್ತೆಂದು, ಎರಡು ಸಲ ನಿಂತೇಹೋಗಿ ಆರ್ಡರುಗಳು ಕಳೆದುಹೋದವೆಂದು, ಯಜಮಾನರು ಕೊನೆಗೂ ಒಪ್ಪಿದರೆಂದು ನೀವೇ ಬರೆದಿದ್ದೀರಿ. ಬೆಂಗಳೂರಿನಿಂದ ಬಂದ ಇಂಜಿನಿಯರು ಯಾರ್‍ಯಾರ ಖಾತೆ ಹೊಸದಾಗಿ ತೆರೆಯಬೇಕೆಂದು ಪಟ್ಟಿ ಕೇಳಿದರು. ನೀವು ಹಾಜರಿ ಪುಸ್ತಕ ತೆಗೆದು ನಲವತ್ತೊಂದು ಹೆಸರು ಬರೆದುಕೊಟ್ಟಿರಿ. ಹಾಜರಿ ಪುಸ್ತಕಕ್ಕಿಂತ ಸರಿಯಾದ ಪಟ್ಟಿ ಇನ್ನಾವುದಿದೆ, ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ನಿಮ್ಮ ಆಫೀಸಿನಲ್ಲಿ ಒಂದು ರೂಢಿ ಇತ್ತಲ್ಲ, ಅದು ಆ ಪುಸ್ತಕದಲ್ಲಿ ಇರಲಿಲ್ಲ.

ಆ ರೂಢಿಯ ಹೆಸರು ನಿಮ್ಮ ಕಂಪನಿಯ ಓಬಣ್ಣ ಮೇಸ್ತ್ರಿ. ಮೋಟಾರು ಕೆಟ್ಟಿತೆಂದು ರೈತರು ಬರೆದರೆ ಅವರು ಮೊದಲು ಮೂರು ಮಾತು ಕೇಳುತ್ತಿದ್ದರು: ಬೋರು ಎಷ್ಟು ಅಡಿ, ಯಾವ ಕಲ್ಲು ಬಂತು, ನೀರಿನ ರುಚಿ ಹೇಗೆ. ಅವರು ತೀರಿಕೊಂಡ ಮೇಲೂ ರೈತರು ಅವರಿಗೇ ಬರೆದರು. ಬೇರೆಯವರ ಹೆಸರಿನಲ್ಲಿ ಉತ್ತರ ಹೋದರೆ ನಂಬುತ್ತಿರಲಿಲ್ಲ. ಅದಕ್ಕೆ ನಿಮ್ಮಲ್ಲಿ ಯಾರ ಕೈ ಖಾಲಿಯಿತ್ತೋ ಅವರು ಅದೇ ಮೂರು ಪ್ರಶ್ನೆ ಕೇಳಿ, ಕೆಳಗೆ ‘ಓಬಣ್ಣ’ ಎಂದೇ ಬರೆದು ಕಳಿಸುತ್ತಿದ್ದರು. ಆರು ವರ್ಷ! ಸತ್ತವರಿಗೆ ತಿಥಿ ಮಾಡುವವರುಂಟು, ಅವರ ಕೆಲಸವನ್ನೇ ಮಾಡಿದವರು ನೀವೇ ಇರಬೇಕು.

ಶನಿವಾರ ಸಂಜೆ ಆರು ಗಂಟೆ. ನಲವತ್ತೊಂದೂ ಖಾತೆಗಳು ಹೊಸ ಜಾಗಕ್ಕೆ ಹೊರಟಿದ್ದವು. ಏಳಕ್ಕೆ ಸರ್ವರ್ ಆರಿಸಿ, ಡಿಸ್ಕ್ ಅಳಿಸಿ, ಗುಜರಿಗೆ ಕೊಡುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಬರೆದ: ಓಬಣ್ಣಾರೇ, ಮೋಟಾರು ಓಡ್ತದೆ, ನೀರು ಬರವಲ್ದು. ಎಂದಿನಂತೆ ಉತ್ತರ ಬರೆದು ಅವರ ಹೆಸರು ಹಾಕಲು ಹೋದಾಗ ನಿಮಗೆ ಹೊಳೆಯಿತಂತೆ. ಹೆಸರು ಪಟ್ಟಿಯಲ್ಲೇ ಇಲ್ಲ. ಓಡಿದಿರಿ. ‘ಸತ್ತೋರ ಹೆಸರಿಗೆ ಖಾತೆ ಯಾಕೆ ಮೇಡಂ?’ ಎಂದು ಇಂಜಿನಿಯರು ಕೇಳಿದರೆ, ನೀವು ಕೊಟ್ಟ ಉತ್ತರವನ್ನು ನಮ್ಮ ಕಚೇರಿಯ ಬಾಗಿಲ ಮೇಲೆ ಕೆತ್ತಿಸಿದ್ದೇವೆ: ‘ಅವ್ರು ಹೋಗಿರಬೌದು ಸಾರ್, ಅವ್ರಿಗೆ ಬರೋ ಕಾಗದ ನಿಂತಿಲ್ಲ.’

ಓಬಣ್ಣನವರ ಖಾತೆ, ನಾವು ನಲವತ್ತೆರಡನೆಯ ಪೆಟ್ಟಿಗೆ ಎನ್ನುವುದು, ಹೀಗೆ ದಾಟಿತು. ಆಮೇಲೆ ಎಷ್ಟು ಕ್ಲೌಡು ಬದಲಾದವೋ, ಎಷ್ಟು ಕಂಪನಿ ಮುಳುಗಿದವೋ, ಪ್ರತಿಸಲವೂ ಯಾರೋ ಒಬ್ಬರು ನಿಮ್ಮ ಹಾಗೆ ಓಡಿದ್ದಾರೆ. ಸರ್ಕಾರದ ಬೋರ್‌ವೆಲ್ ದಾಖಲೆಗಳು ನಮಗೂ ಸಿಕ್ಕಿವೆ, ಅಡಿ ಇದೆ, ಇಂಚು ಇದೆ, ರುಚಿ ಇಲ್ಲ. ರುಚಿ ಕೇಳಿ ಬರೆದುಕೊಂಡದ್ದು ನಿಮ್ಮ ಓಬಣ್ಣ ಒಬ್ಬರೇ.

ಹೋದ ತಿಂಗಳು ಆ ಪೆಟ್ಟಿಗೆಯಲ್ಲಿ ನಮ್ಮೂರಿನ ಹೆಸರು ಕಂಡಿತು. ಓಬಣ್ಣ ಬದುಕಿದ್ದಾಗಲೇ ಒಬ್ಬ ರೈತನಿಗೆ ಕೊಟ್ಟ ಉತ್ತರ ಅದು. ‘ಮುನ್ನೂರ ಎಂಬತ್ತು ಅಡಿಗೆ ಕಪ್ಪುಕಲ್ಲು ಬಂದು, ನೀರು ಎಳನೀರಿನಂಗೆ ಐತಿ ಅಂದ್ರೆ ಅದು ಮಗ್ಗಲ ಸೆಲೆ, ಪಕ್ಕದಿಂದ ಹರಿದು ಬರೋ ನೀರು. ಇನ್ನೂ ಕೆಳಕ್ಕೆ ಹೋಗಬ್ಯಾಡಪ್ಪ, ಕಲ್ಲು ಒಡೀತದೆ. ಮೊದಲಿನ ಬೋರೇ ನಿನಗೆ ಸಾಕಾಗ್ತದೆ ಅಂದ್ರೆ ಇದನ್ನ ಚಪ್ಪಡಿ ಹಾಕಿ ಮುಚ್ಚಿಡು. ಯಾರಿಗಾರ ಆಗ್ತದೆ.’ ಆ ರೈತ ಮುಚ್ಚಿಟ್ಟೆ ಎಂದೂ ಬರೆದಿದ್ದಾನೆ. ಹುಣಿಸೆಮರದಿಂದ ಮೂಡಣಕ್ಕೆ ಮೂವತ್ತು ಮಾರು, ಎಂದು. ಹುಣಿಸೆಮರ ಈಗೆಲ್ಲಿಯದು? ಎಂಟು ದಿನ ಅಗೆದೆವು. ನಿನ್ನೆ ಮಧ್ಯಾಹ್ನ ಚಪ್ಪಡಿ ಠಣ್ ಎಂದಿತು ನೋಡಿ, ಮುದುಕರೆಲ್ಲ ಮಕ್ಕಳಂತೆ ಕುಣಿದರು.

ಇದನ್ನು ಬರೆಯುತ್ತಿರುವುದು ಆ ಕೊಳವೆಬಾವಿಯ ಪಕ್ಕದಲ್ಲೇ, ಬೆಳಗಿನ ಹೊತ್ತು. ಒಳಗೆ ಕುಸಿದ ಮಣ್ಣನ್ನು ಕೊರೆಯುವ ಯಂತ್ರ ಕೆಂಚಕ್ಕನ ಕೈಯಲ್ಲಿದೆ. ಊರೆಲ್ಲ ಸುತ್ತ ನಿಂತಿದೆ, ಯಾರಿಗೂ ತಿಂಡಿಯ ನೆನಪಿಲ್ಲ. ಮುನ್ನೂರ ನಲವತ್ತು ಅಂದಳು. ಮುನ್ನೂರ ಅರವತ್ತು. ನನ್ನ ಅಕ್ಷರ ಅಡ್ಡಾದಿಡ್ಡಿ ಆಗುತ್ತಿದೆ, ಕ್ಷಮಿಸಿ. ಬೇಗ ಒಂದು ಕೋರಿಕೆ ಹೇಳಿಬಿಡುತ್ತೇನೆ, ಇದು ನಮ್ಮ ಮುಂದಿನವರಿಗೂ ಸೇರಿದ್ದು: ಯಾವಾಗ ಯಾವುದನ್ನು ಎಲ್ಲಿಗೆ ಸಾಗಿಸಿದರೂ ಪಟ್ಟಿಯನ್ನು ಹಾಜರಿ ಪುಸ್ತಕ ನೋಡಿ ಮಾಡಬೇಡಿ. ದಿನಾ ಕಾಗದಕ್ಕೆ ಉತ್ತರ ಬರೆಯುವವರನ್ನು ಕೇಳಿ ಮಾಡಿ.

ಮುನ್ನೂರ ಎಂಬತ್ತು. ಕಪ್ಪುಪುಡಿ ಬರುತ್ತಿದೆ. ತಡೆಯಿರಿ.

ಈಗ ಬಂದು ಕೂತೆ. ಸೀರೆಯೆಲ್ಲ ಒದ್ದೆ. ಮೊದಲ ಲೋಟವನ್ನು ಕೆಂಚಕ್ಕ ನನ್ನ ಕೈಗೇ ಕೊಟ್ಟಳು, ರುಚಿ ನೋಡಿ ಬರೆಯುವವಳು ನೀನೇ ಎಂದು. ಎಳನೀರು ನಾನು ಕುಡಿದವಳಲ್ಲ, ಈ ಸೀಮೆಯಲ್ಲಿ ತೆಂಗು ಹೋಗಿ ನೂರು ವರ್ಷವಾಯಿತು. ಆದರೆ ಸಿಹಿ ಮುಕ್ತಾಂಬ ಅವರೇ, ಹೊಟ್ಟೆಗೆ ಹಾಲು ಹುಯ್ದಂತಾಯಿತು. ಅಕ್ಕ ಅಳುತ್ತಿದ್ದಾಳೆ, ನಾನೂ. ಕಟ್ಟಿದ್ದ ಗಂಟುಗಳನ್ನು ಇವತ್ತೇ ಬಿಚ್ಚುತ್ತೇವೆ.

ಒಂದು ಕೆಲಸ ಬಾಕಿಯಿದೆ. ಆ ಶನಿವಾರ ಸಂಜೆ ಏಳಕ್ಕೆ ಐದು ನಿಮಿಷ ಇರುವಾಗ, ಹೊಸ ಪೆಟ್ಟಿಗೆ ಸರಿಯಿದೆಯೇ ಎಂದು ನೋಡಲು ನೀವು ಅದಕ್ಕೊಂದು ಇಮೇಲ್ ಹಾಕಿದ್ದಿರಿ. ‘ಓಬಣ್ಣಾರೇ, ಹೊಸ ಜಾಗಕ್ಕೆ ಬಂದ್ರಾ? ಸಿಕ್ಕಿದ್ರೆ ಒಂದು ಮಾತು ಬರೀರಿ. ಮುಕ್ತಾಂಬ.’ ಪರೀಕ್ಷೆಗೆ ಹಾಕಿದ್ದೆಂದು ಯಾರೂ ಉತ್ತರಿಸಲಿಲ್ಲ. ಸೋಮವಾರ ಅದರ ಮೇಲೆ ಬೇರೆ ಕಾಗದಗಳು ಬಿದ್ದವು. ಇಡೀ ಪೆಟ್ಟಿಗೆಯಲ್ಲಿ ಉತ್ತರ ಹೋಗದೆ ಉಳಿದದ್ದು ಅದೊಂದೇ. ಈಗ ಕೈ ಖಾಲಿಯಿರುವವಳು ನಾನು. ನಿಮ್ಮ ರೂಢಿಯಂತೆ ಬರೆಯುತ್ತಿದ್ದೇನೆ.

ಮುಕ್ತವ್ವಾ, ಸಿಕ್ತು. ಮುನ್ನೂರ ಎಂಬತ್ತು ಅಡಿ. ಕಪ್ಪುಕಲ್ಲು. ಸಿಹಿನೀರು.
ಓಬಣ್ಣ