ಹದಿನೈದು ದಿನಕ್ಕೊಮ್ಮೆ ಮನೆ ಬದಲಿಸುವ ಗುಂಡಿ

ಸಂಚಾರ ಸೇವಾ ಇಲಾಖೆಯ ಡಿಜಿಟಲ್ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನ ದೊಡ್ಡಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ತಮ್ಮ ಇಲಾಖೆಯ ಕಾರನ್ನು ತಾವು ಒಂದು ತಿಂಗಳ ಮಟ್ಟಿಗೆ ನಿಲ್ಲಿಸಿದ್ದೀರಿ. ಕಾರಣ, ‘ಬಳಕೆದಾರರು ಸ್ವಇಚ್ಛೆಯಿಂದ ಪದೇ ಪದೇ ಪ್ರಯಾಣ ರದ್ದುಪಡಿಸಿದ್ದಾರೆ.’ ಎರಡೂ ಮೂತ್ರಪಿಂಡಗಳು ಕೈಕೊಟ್ಟಿರುವ, ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳದಿದ್ದರೆ ಕಾಲು ಊದಿ ಉಸಿರು ಸಿಕ್ಕಿಕೊಳ್ಳುವ ಹೆಂಗಸು, ತನಗೆಂದೇ ಬರುವ ಕಾರನ್ನು ಮೋಜಿಗೆ ಬೇಡವೆಂದಳು ಎಂದು ತಮ್ಮ ಕಂಪ್ಯೂಟರ್ ನಂಬಿದೆ. ಕಂಪ್ಯೂಟರ್ ನಂಬಲಿ ಬಿಡಿ, ಅದಕ್ಕೆ ದೊಡ್ಡಮ್ಮ ಇಲ್ಲ. ತಮಗಾದರೂ ಇರಬಹುದಲ್ಲವೇ?

ನಾನು ಡ್ರೈವಿಂಗ್ ಕಲಿಸುವವನು. ನನ್ನ ಕಾರಿನಲ್ಲಿ ಬ್ರೇಕ್ ಒಂದು ಜಾಗದಲ್ಲಿರುತ್ತದೆ. ನಿನ್ನೆ ಎಲ್ಲಿತ್ತೋ ಇಂದೂ ಅಲ್ಲೇ ಇರುತ್ತದೆ, ನಾಳೆಯೂ ಅಲ್ಲೇ. ಇದು ಎಷ್ಟು ಹಿಂದುಳಿದ ವ್ಯವಸ್ಥೆ ಎಂಬುದು ತಮ್ಮ ಆ್ಯಪ್ ನೋಡಿದ ಮೇಲೆಯೇ ನನಗೆ ಅರಿವಾದದ್ದು. ಕಾರು ಕರೆಸಲು ಮೊದಲು ಒಂದು ಫೋನ್ ನಂಬರ್ ಇತ್ತು. ಆ ತುದಿಯಲ್ಲಿ ಸಿಡುಕು ದನಿಯ ಒಬ್ಬ ಮನುಷ್ಯ ಇದ್ದ. ಬೈಯುತ್ತಿದ್ದ, ಆದರೆ ಕಾರು ಕಳಿಸುತ್ತಿದ್ದ. ಅವನನ್ನು ತೆಗೆದು ತಾವು ಆ್ಯಪ್ ತಂದಿರಿ. ಆ್ಯಪ್ ಬೈಯುವುದಿಲ್ಲ, ಒಪ್ಪುತ್ತೇನೆ. ಅದು ಹದಿನೈದು ದಿನಕ್ಕೊಮ್ಮೆ ಹೊಸ ಜನ್ಮ ಎತ್ತುತ್ತದೆ. ಕೆಳಗಿದ್ದ ಗುಂಡಿ ಮೇಲೆ ಹೋಗುತ್ತದೆ, ಹಸಿರಾಗಿದ್ದದ್ದು ಬೂದಿ ಬಣ್ಣಕ್ಕೆ ತಿರುಗುತ್ತದೆ, ಅಕ್ಷರ ಇದ್ದಲ್ಲಿ ಏನನ್ನು ಸೂಚಿಸುತ್ತದೋ ಯಾರಿಗೂ ತಿಳಿಯದ ಚಿತ್ರವೊಂದು ಬಂದು ಕೂರುತ್ತದೆ. ಜೊತೆಗೆ ‘ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸಿದ್ದೇವೆ’ ಎಂಬ ಸಂದೇಶ ಬೇರೆ. ಇದೇ ರೀತಿ ನಾನು ನನ್ನ ಶಿಷ್ಯರ ಅನುಭವವನ್ನು ಉತ್ತಮಗೊಳಿಸಲು ಹೊರಟರೆ ಊರಿನ ಗೋಡೆ ಒಂದೂ ನೆಟ್ಟಗೆ ನಿಲ್ಲುವುದಿಲ್ಲ.

ದೊಡ್ಡಮ್ಮನಿಗೆ ಬುದ್ಧಿ ಸಾಲದು ಎಂದು ತಾವು ಭಾವಿಸುವ ಮೊದಲೇ ಹೇಳಿಬಿಡುತ್ತೇನೆ. ಅವಳು ಆಯುಷ್ಯವೆಲ್ಲ ಹೊಲಿಗೆ ಯಂತ್ರದ ಮುಂದೆ ಕಳೆದವಳು. ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಾಳೆ. ಕೈ ನಡುಗುತ್ತದೆ, ಲೋಟ ಹಿಡಿದರೆ ತಟ್ಟೆಗೆ ಬಡಿದು ಸದ್ದಾಗುತ್ತದೆ. ಆದರೂ ತಮ್ಮ ಆ್ಯಪಿನ ಮೊದಲ ಅವತಾರವನ್ನು ಅವಳು ಹಟ ಹಿಡಿದು ಕಲಿತಳು. ನನ್ನನ್ನಾಗಲಿ ನನ್ನ ಹೆಂಡತಿಯನ್ನಾಗಲಿ ಕೇಳದೆ ತಾನೇ ಕಾರು ಕರೆಸಿ, ಚೀಲ ಹಿಡಿದು ಹೊರಡುತ್ತಿದ್ದಳು. ಬೆಳಿಗ್ಗೆ ಬೀಗದ ಕೈ ಕೊಟ್ಟು ‘ನಾನು ಹೋಗಿ ಬರ್ತೀನಿ’ ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಆಸ್ಪತ್ರೆಗಲ್ಲ, ಕೆಲಸಕ್ಕೆ ಹೊರಟವಳ ಹಾಗೆ ಇರುತ್ತಿದ್ದಳು.

ಹೀಗಿರುವಾಗ ತಮ್ಮ ಕಚೇರಿಯಿಂದ ಆಹ್ವಾನ ಬಂತು. ಚುರುಕಾಗಿ ತಂತ್ರಾಂಶ ಬರೆಯುವ ಅಜೈಲ್ ಪದ್ಧತಿಯನ್ನೂ, ಬಳಸುವವರನ್ನು ನಡುವೆ ಕೂರಿಸಿಕೊಂಡು ರೂಪಿಸುವ ಬಳಕೆದಾರ ಕೇಂದ್ರಿತ ವಿನ್ಯಾಸವನ್ನೂ ತಾವು ಒಂದುಗೂಡಿಸಿದ್ದೀರಂತೆ, ಅದಕ್ಕೆ ನಿಜವಾದ ಬಳಕೆದಾರರೊಬ್ಬರು ಬೇಕಂತೆ. ದೊಡ್ಡಮ್ಮ ಒಳ್ಳೆಯ ಸೀರೆ ಉಟ್ಟು ಹೊರಟಳು.

ಒಂದುಗೂಡಿಸಿದ್ದೇನೋ ನಿಜ. ಆದರೆ ಗಂಡನನ್ನು ಮೇಲಿನ ಮಹಡಿಯಲ್ಲೂ ಹೆಂಡತಿಯನ್ನು ಕೆಳಗಿನ ಮಹಡಿಯಲ್ಲೂ ಇಟ್ಟು ಸಂಸಾರ ನಡೆಸಿ ಎಂದಿದ್ದೀರಿ. ತಂತ್ರಾಂಶ ಬರೆಯುವವರು ಮೇಲೆ, ವಿನ್ಯಾಸದವರು ಕೆಳಗೆ. ನಡುವೆ ಓಡಾಡುವುದು ಬಣ್ಣಬಣ್ಣದ ಅಂಟು ಚೀಟಿಗಳು. ನಮ್ಮನ್ನು ಕರೆದೊಯ್ದದ್ದು ಮೇಲಿನ ಮಹಡಿಗೆ, ಬೆಳಗಿನ ಸಭೆಗೆ. ಆ ಕೋಣೆಯಲ್ಲಿ ಒಂದೂ ಕುರ್ಚಿ ಇರಲಿಲ್ಲ. ಕೂತರೆ ಮಾತು ಉದ್ದವಾಗುತ್ತದೆಂದು ನಿಂತೇ ಸಭೆ ಮಾಡುವ ಪದ್ಧತಿಯಂತೆ. ಬಳಕೆದಾರರನ್ನು ಕೇಂದ್ರದಲ್ಲಿ ನಿಲ್ಲಿಸುವುದು ಎಂದರೆ ಅಕ್ಷರಶಃ ನಿಲ್ಲಿಸುವುದು ಎಂದು ನನಗೆ ಆಗ ತಿಳಿಯಿತು. ಕೊನೆಗೆ ಕೆಳಗಿನಿಂದ ವಿನ್ಯಾಸಕಿಯೊಬ್ಬಳೇ ಒಂದು ಕುರ್ಚಿ ಹೊತ್ತು ತಂದಳು. ಆ ಹುಡುಗಿಯ ಮೇಲೆ ನನಗೆ ಯಾವ ದೂರೂ ಇಲ್ಲ.

ಗೋಡೆಯ ಮೇಲೆ ಒಬ್ಬ ವೃದ್ಧೆಯ ದೊಡ್ಡ ಚಿತ್ರವಿತ್ತು. ಬೆಳ್ಳಿ ಕೂದಲು, ತುಂಬು ನಗು, ಕೈಯಲ್ಲಿ ಫೋನು. ಕೆಳಗೆ ‘ನಮ್ಮ ಅಜ್ಜಿ’ ಎಂದು ಬರೆದು, ಆಕೆಯ ವಯಸ್ಸು, ಹವ್ಯಾಸ, ಬೆಳಗಿನ ನಡಿಗೆ, ಮೊಮ್ಮಕ್ಕಳ ಸಂಖ್ಯೆ ಎಲ್ಲವನ್ನೂ ನಮೂದಿಸಿದ್ದರು. ವಿನ್ಯಾಸಕಿ ದೊಡ್ಡಮ್ಮನ ಕೈಗೆ ಹೊಸ ಪರದೆಯ ಮಾದರಿ ಕೊಟ್ಟಳು. ಅದರಲ್ಲಿ ಗುಂಡಿಯೇ ಇರಲಿಲ್ಲ, ಬೆರಳಿನಿಂದ ಜಾರಿಸುವ ಒಂದು ಪಟ್ಟಿ ಇತ್ತು. ಬಲಕ್ಕೆ ಜಾರಿಸಿದರೆ ಕಾರು ಖಚಿತ, ಎಡಕ್ಕೆ ಜಾರಿಸಿದರೆ ರದ್ದು. ದೊಡ್ಡಮ್ಮನ ಬೆರಳು ಬಲಕ್ಕೂ ಹೋಯಿತು, ಎಡಕ್ಕೂ ಹೋಯಿತು. ಕಾರು ಬಂದಂತೆಯೂ ಆಯಿತು, ಹೋದಂತೆಯೂ ಆಯಿತು.

“ಇದು ನನ್ನ ಕೈಲಿ ಆಗಲ್ಲಮ್ಮ, ಒತ್ತೋದೇ ಇರಲಿ,” ಎಂದಳು.

ವಿನ್ಯಾಸಕಿ ಹಳದಿ ಚೀಟಿಯಲ್ಲಿ ಬರೆದುಕೊಂಡಳು. ತಂಡದ ನಾಯಕ ಮಾತ್ರ ಗೋಡೆಯತ್ತ ಕೈ ತೋರಿಸಿದ. “ಆದ್ರೆ ನಮ್ಮ ಅಜ್ಜಿಗೆ ಇದು ಸುಲಭ ಅಂತ ಆಗಲೇ ತೀರ್ಮಾನ ಆಗಿದೆ ಅಮ್ಮ.”

“ಯಾರ ಅಜ್ಜಿ ಅವರು?”

“ಯಾರದ್ದೂ ಅಲ್ಲ. ನಾವೇ ಕೂತು ಮಾಡ್ಕೊಂಡಿದ್ದು.”

“ಹಾಗಾದ್ರೆ ಆರೋಗ್ಯವಾಗೇ ಇರ್ತಾರೆ ಬಿಡಪ್ಪ,” ಎಂದಳು ದೊಡ್ಡಮ್ಮ.

ಎಲ್ಲರೂ ನಕ್ಕರು, ನಾನೂ ನಕ್ಕೆ. ವಿನ್ಯಾಸಕಿ ನಗಲಿಲ್ಲ. “ಇದನ್ನ ಈಗಲೇ ನಿಲ್ಲಿಸಬಹುದಲ್ವಾ ಸಾರ್?” ಎಂದು ಕೇಳಿದಳು. “ಈ ಸ್ಪ್ರಿಂಟ್ ಮುಚ್ಚಿಬಿಟ್ಟಿದೆ, ಮುಂದಿನದೂ ತುಂಬಿದೆ. ಅದರ ಮುಂದಿನದಕ್ಕೆ ಹಾಕು,” ಎಂದ ನಾಯಕ. ಎರಡು ವಾರದ ಓಟಕ್ಕೆ ಸ್ಪ್ರಿಂಟ್ ಎನ್ನುತ್ತಾರಂತೆ. ಓಡುವವರನ್ನು ನಡುವೆ ತಡೆಯಬಾರದಂತೆ. ಎತ್ತ ಓಡುತ್ತಿದ್ದಾರೆ ಎಂದು ಕೇಳುವುದಕ್ಕೂ ಆ ಪದ್ಧತಿಯಲ್ಲಿ ಒಂದು ದಿನ ಗೊತ್ತುಮಾಡಿರಬಹುದು, ನಾವು ಹೋದದ್ದು ಆ ದಿನವಲ್ಲ. ಹಳದಿ ಚೀಟಿ ಗೋಡೆಯ ಮೂಲೆಗೆ ಅಂಟಿತು, ಜಾರಿಸುವ ಪಟ್ಟಿ ಹೇಳಿದ ದಿನಕ್ಕೆ ಸರಿಯಾಗಿ ಊರಿಗೆಲ್ಲ ಹೊರಟಿತು. ತಮ್ಮ ಕಾರುಗಳಿಗೂ ಈ ಸಮಯಪ್ರಜ್ಞೆಯನ್ನು ಕಲಿಸಬಾರದೇ?

ಆ ಪಟ್ಟಿ ಬಂದ ಬೆಳಿಗ್ಗೆ ನಾನು ಒಬ್ಬರಿಗೆ ರಿವರ್ಸ್ ಹೇಳಿಕೊಡುತ್ತಿದ್ದೆ. ಪಾಠದ ಹೊತ್ತಿನಲ್ಲಿ ಫೋನ್ ಆಫ್ ಮಾಡಿಡುವುದು ನನ್ನ ಪದ್ಧತಿ, ಹೆಂಡತಿಯೂ ಅಂದು ಮನೆಯಲ್ಲಿರಲಿಲ್ಲ. ದೊಡ್ಡಮ್ಮ ಪಟ್ಟಿ ಜಾರಿಸಿದಳು. ಕೈ ನಡುಗಿತು, ಪಟ್ಟಿ ಎಡಕ್ಕೆ ಹೋಯಿತು. ‘ನಿಮ್ಮ ಇಚ್ಛೆಯಂತೆಯೇ ಆಗಿದೆ, ಶುಭದಿನ’ ಎಂದಿತು ಪರದೆ. ಅವಳ ಇಚ್ಛೆ ಏನಿತ್ತು ಎಂಬುದು ಅವಳಿಗೆ ಗೊತ್ತಿತ್ತಲ್ಲ, ಆದ್ದರಿಂದ ಸಮಾಧಾನವಾಗಿ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ಕೂತಳು. ಮಧ್ಯಾಹ್ನ ನಾನು ಊಟಕ್ಕೆ ಬಂದಾಗಲೂ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. “ಇವತ್ತು ಸ್ವಲ್ಪ ತಡ ಮಾಡಿದ್ದಾರೆ ನೋಡು,” ಎಂದಳು. ಅಷ್ಟರಲ್ಲಿ ಅವಳ ಸರದಿ ಮುಗಿದುಹೋಗಿತ್ತು. ಮರುದಿನ ಉಸಿರಾಡಲಾಗದೆ ಅವಳು ಒದ್ದಾಡಿದ್ದನ್ನು, ತುರ್ತು ವಾರ್ಡಿನಲ್ಲಿ ಆಮ್ಲಜನಕದ ಮುಖವಾಡದೊಳಗಿಂದ ನನ್ನನ್ನು ನೋಡಿದ್ದನ್ನು ಇಲ್ಲಿ ವಿವರಿಸುವುದಿಲ್ಲ. ಅದನ್ನು ನೆನೆದರೆ ವ್ಯಂಗ್ಯ ಬರುವುದಿಲ್ಲ.

ಅವಳು ವಾರ್ಡಿನಲ್ಲಿದ್ದಾಗಲೇ ತಮ್ಮ ಆ್ಯಪ್ ‘ಪ್ರಯಾಣ ಹೇಗಿತ್ತು? ಎಷ್ಟು ನಕ್ಷತ್ರ ಕೊಡುತ್ತೀರಿ?’ ಎಂದು ಕೇಳಿತು. ಹೋಗದ ಪ್ರಯಾಣಕ್ಕೂ ಅಭಿಪ್ರಾಯ ಕೇಳುವ ಈ ವಿನಯವನ್ನು ಬೇರೆ ಯಾವ ಇಲಾಖೆಯಲ್ಲೂ ನಾನು ಕಂಡಿಲ್ಲ. ಮನೆಗೆ ಬಂದ ಮೇಲೆ ಇನ್ನೂ ಎರಡು ಸಲ ಪಟ್ಟಿ ಎಡಕ್ಕೇ ಹೋಯಿತು. ನಾನು ಪಕ್ಕದಲ್ಲೇ ಇದ್ದು ಮತ್ತೆ ಕಾರು ಕರೆಸಿದೆ. ತಮ್ಮ ಯಂತ್ರ ಮರಳಿ ಕರೆಸಿದ್ದನ್ನು ಬಿಟ್ಟು ರದ್ದಾದದ್ದನ್ನು ಮಾತ್ರ ಎಣಿಸಿ ಶಿಕ್ಷೆ ವಿಧಿಸಿತು.

ನಾನು ಕಚೇರಿಗೆ ಹೋದೆ. ಆ ಹಳದಿ ಚೀಟಿ ಏನಾಯಿತೆಂದು ಕೇಳಿದೆ. ನಾಯಕ ಸೌಜನ್ಯದಿಂದಲೇ ಹೇಳಿದ: “ಅದನ್ನ ಮುಗಿದ ಕೆಲಸದ ಸಾಲಿಗೆ ಹಾಕಿದ್ದೀವಿ ಸಾರ್. ಆ ದೂರು ಮಾದರಿ ಪರದೆ ಮೇಲಿತ್ತು. ಆ ಮಾದರಿ ಈಗ ಇಲ್ವಲ್ಲ.” ಮಾದರಿ ಇಲ್ಲ, ನಿಜ. ಅದು ಅಸಲಿಯಾಗಿ ಊರೆಲ್ಲ ಓಡಾಡುತ್ತಿದೆ. ಹುಟ್ಟುವ ಮುಂಚೆ ಹೇಳಿದ ದೂರು ಹುಟ್ಟಿದ ಮೇಲೆ ಸಲ್ಲುವುದಿಲ್ಲ. ಹುಟ್ಟಿದ ಮೇಲೆ ಹೇಳೋಣವೆಂದರೆ ಚೀಟಿ ಮಹಡಿ ಹತ್ತಿ ಸರದಿ ಹಿಡಿಯುವಷ್ಟರಲ್ಲಿ ಪರದೆಗೆ ಮರುಜನ್ಮ. ಹಾಗಾದರೆ ದೂರಲು ಯೋಗ್ಯವಾದ ಮುಹೂರ್ತ ಯಾವುದು ಸ್ವಾಮಿ?

ವೇಗದ ಮೇಲೆ ನನಗೆ ಸಿಟ್ಟಿಲ್ಲ. ತಪ್ಪನ್ನು ಹದಿನೈದು ದಿನದಲ್ಲಿ ತಿದ್ದುವ ಶಕ್ತಿ ಇದ್ದವರನ್ನು ಯಾರು ಬೇಡವೆನ್ನುತ್ತಾರೆ? ಆದರೆ ಆ ಶಕ್ತಿಯನ್ನೆಲ್ಲ ತಾವು ಹೊಸ ತಪ್ಪು ಮಾಡಲಿಕ್ಕೇ ಬಳಸಿದರೆ ಹೇಗೆ? ಕಲಿಯುವವರ ಪಕ್ಕದಲ್ಲಿ ನಾನು ಕೂರುವುದು ಅವರ ಕಾಲು ತಪ್ಪಿದಾಗಲೇ ನನಗೆ ಕಾಣಲೆಂದು. ಮುಂದಿನ ತಿಂಗಳು ಚೀಟಿಯಲ್ಲಿ ಓದಿದರೆ ಆಗದು. ಆ ವಿನ್ಯಾಸಕಿಯನ್ನು ಬರೆಯುವವರ ಪಕ್ಕದಲ್ಲೇ ಕೂರಿಸಿ, ಅವಳು ‘ನಿಲ್ಲಿಸಿ’ ಎಂದರೆ ಓಟ ನಿಲ್ಲಲಿ. ಹೊಸ ಪರದೆ ಹೊರಡುವ ಮುನ್ನ ರಕ್ತಮಾಂಸ ಇರುವ, ಕೈ ನಡುಗುವ, ಕಣ್ಣು ಮಂಜಾದ ಒಬ್ಬಿಬ್ಬರು ಅದರಿಂದ ಕಾರು ಕರೆಸಿ ತೋರಿಸಲಿ. ಅವರಿಗೆ ಆಗದಿದ್ದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಅಲ್ಲಿಯವರೆಗೆ ಆ ಸಿಡುಕು ಮನುಷ್ಯನನ್ನು ಫೋನಿಗೆ ವಾಪಸು ಕರೆಸಿ, ಬೈಸಿಕೊಳ್ಳಲು ನಾವು ಸಿದ್ಧ.

ಇದೆಲ್ಲ ತಾವು ನಿಧಾನವಾಗಿ ಮಾಡಬಹುದು. ನಿಧಾನವಾಗಿ ಮಾಡಲಾಗದ್ದು ಒಂದಿದೆ. ಈಗ ದೊಡ್ಡಮ್ಮನನ್ನು ಪಾಠ ಬಿಟ್ಟು ನಾನೇ ಕರೆದೊಯ್ಯುತ್ತಿದ್ದೇನೆ. ಮೊನ್ನೆ ಡಯಾಲಿಸಿಸ್ ಕೋಣೆಯ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮ ದೊಡ್ಡಮ್ಮ ಇನ್ಮೇಲೆ ಗುರುವಾರ ಬರಲ್ಲ, ವಾರಕ್ಕೆ ಎರಡೇ ಸಾಕು ಅಂದ್ರು. ನಿಮಗೆ ಗೊತ್ತಾ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

“ಯಾಕೆ ಹಾಗಂದೆ ದೊಡ್ಡಮ್ಮ?” ಎಂದು ಕಾರಿನಲ್ಲಿ ಕೇಳಿದೆ.

“ಗುರುವಾರ ನಿಂಗೆ ಪಾಠ ಜಾಸ್ತಿ ಅಲ್ವೇನಪ್ಪ. ಒಂದಿನ ಬಿಟ್ರೆ ಏನಾಗುತ್ತೆ?”

ಏನಾಗುತ್ತದೆಂದು ವೈದ್ಯರು ಅವಳಿಗೆ ಬಿಡಿಸಿ ಹೇಳಿದ್ದಾರೆ, ನನ್ನೆದುರಿಗೇ. ತಿಳಿದೇ ಅವಳು ಆ ಮಾತು ಹೇಳಿದ್ದು. ಗುರುವಾರದ ಆ ಹಾಸಿಗೆಗೆ ಕಾಯುವವರ ಸಾಲು ಉದ್ದವಿದೆ. ನಾನು ಬೇಡಿಕೊಂಡದ್ದಕ್ಕೆ ನರ್ಸ್, ಬರುವ ಗುರುವಾರದವರೆಗೆ ಬೇರೆಯವರಿಗೆ ಕೊಡದೆ ಇಟ್ಟಿರುತ್ತೇನೆ ಎಂದಿದ್ದಾರೆ. ಆ ಬೆಳಿಗ್ಗೆ ತಮ್ಮ ಕಾರು ನಮ್ಮ ಬಾಗಿಲಿಗೆ ಬರಬೇಕು. ಬಂದರೆ ಅವಳು ಹತ್ತುತ್ತಾಳೆ. ಗುರುವಾರ ನನ್ನ ಪಾಠ ಕೆಡಿಸಿ ನನ್ನ ಕಾರಿಗೆ ಹತ್ತುವುದಿಲ್ಲ ಎಂದಿದ್ದಾಳೆ.

ಇಂತಿ,
ತಮ್ಮ ವಿಧೇಯ ಎಂದು ಬರೆಯಲು ಕೈ ಬಾರದ,
ದೊಡ್ಡಮ್ಮನನ್ನು ಒಪ್ಪಿಸಲು ಸೋತಿರುವ ಒಬ್ಬ ಡ್ರೈವಿಂಗ್ ಮೇಷ್ಟ್ರು