ನಾವು ಕಟ್ಟಿದ ಭಾನುವಾರ

ಜೂನ್ 4, ಬುಧವಾರ, ಸಂಜೆ

ಮತ್ತೆ ಸೀಮೆಸುಣ್ಣ ಮುಗಿದಿದೆ. ಕೆಳಗಿನ ಸೈಕಲ್ ಅಂಗಡಿಯವನು ಟ್ಯೂಬಿಗೆ ಗುರುತು ಹಾಕುವ ಚಾಕ್ ಕೊಟ್ಟ. ಹಳದಿ. ಬೋರ್ಡಿನ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಸಂಜೆ ದೊಡ್ಡವರ ಇಂಗ್ಲಿಷ್ ಕ್ಲಾಸು. ಮೂರನೇ ಪಾಠ — ಫ್ರೀ ಟೈಮ್. ಪುಸ್ತಕದಲ್ಲಿ ಟೆನಿಸ್ ಆಡುವ ಗಂಡಸು, ಚಿತ್ರ ಬರೆಯುವ ಹೆಂಗಸು, ನಾಯಿಯನ್ನು ವಾಕಿಂಗ್ ಕರೆದೊಯ್ಯುವ ಅಜ್ಜ. ಯಾರ ಬಟ್ಟೆಯಲ್ಲೂ ಒಂದು ಸುಕ್ಕಿಲ್ಲ. ‘ವಾಟ್ ಡು ಯು ಡೂ ಆನ್ ಸಂಡೇಸ್?’ ಎಂದು ಕೇಳಿದೆ. ಎಲ್ಲರೂ ತಲೆ ಬಗ್ಗಿಸಿ ಪುಸ್ತಕದ ಪುಟ ಮಗುಚಿದರು.

ಕೊನೆಗೆ ಬಸ್ ಓಡಿಸುವ ಡ್ರೈವರಣ್ಣ: ‘ಐ ಡ್ರೈವ್.’

ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುವ ಇಸ್ತ್ರಿ ಅಕ್ಕ: ‘ಐ ಐರನ್.’

ಬೀಗ ರಿಪೇರಿಯ ಮಾಮ ನಮ್ಮ ಮಾತಿನಲ್ಲೇ ಹೇಳಿದರು: ‘ಜನ ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಳ್ಳೋದೇ ಭಾನುವಾರ ಮೇಡಂ. ನಮಗೆ ಅವತ್ತೇ ಸುಗ್ಗಿ.’

ಇವೇ ಉತ್ತರಗಳನ್ನು ಮೊದಲನೇ ಪಾಠದಲ್ಲೂ ಕೊಟ್ಟಿದ್ದರು. ಆ ಪಾಠದ ಹೆಸರು ಮೈ ಜಾಬ್.

ಪುಸ್ತಕ ಮುಚ್ಚಿದೆ.

ಜೂನ್ 6, ಶುಕ್ರವಾರ

ಹಗಲಿನ ಸ್ಕೂಲು ಮುಗಿಸಿ, ತಿದ್ದಬೇಕಾದ ಪೇಪರಿನ ಕಟ್ಟು ಹಿಡಿದು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಭಾನುವಾರ ಇಲ್ಲದಿದ್ದರೆ ಒಂದನ್ನು ಕಟ್ಟಿಕೊಂಡರಾಯಿತು. ಎಲ್ಲರೂ ಸೇರಿ, ಒಂದೇ. ಸರದಿಯಂತೆ ಒಂದೊಂದು ವಾಕ್ಯ. ನಿಯಮ ಇಷ್ಟೇ — ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತೆಗೆಯುವಂತಿಲ್ಲ. ಬೇಕಾದರೆ ಅದರ ಪಕ್ಕದಲ್ಲಿ ಇನ್ನೇನಾದರೂ ಇಡಬಹುದು.

ಮೊದಲ ವಾಕ್ಯಕ್ಕೆ ಎಲ್ಲರೂ ಪಕ್ಕದವರತ್ತ ಕೈ ತೋರಿಸಿದರು. ಆಮೇಲೆ ಇಸ್ತ್ರಿ ಅಕ್ಕ, ಮೇಜನ್ನು ಅಂಗೈಯಿಂದ ಸವರುತ್ತಾ — ‘ದೇರ್ ಈಸ್ ಎ ಲೇಕ್.’

ಯಾವ ಕೆರೆ, ಎಲ್ಲಿಯದು, ಕೇಳಲಿಲ್ಲ. ಹಳದಿ ಚಾಕಿನಲ್ಲಿ ದೊಡ್ಡದೊಂದು ಸೊಟ್ಟ ವೃತ್ತ ಎಳೆದೆ.

ಬೀಗದ ಮಾಮ: ‘ದೇರ್ ಈಸ್ ಎ ಬೋಟ್. ದ ಬೋಟ್ ಈಸ್ ಗ್ರೀನ್.’

ಡ್ರೈವರಣ್ಣ ತಟ್ಟನೆ: ‘ಐ ಡೋಂಟ್ ಡ್ರೈವ್ ದ ಬೋಟ್. ಯು ಡ್ರೈವ್.’

ಕ್ಲಾಸಿಗೆ ಕ್ಲಾಸೇ ನಕ್ಕಿತು. ಕೊನೆಯಲ್ಲಿ ಬೋರ್ಡು ಒರೆಸಲು ಹೋದರೆ ಡಸ್ಟರ್ ಮಂಗಮಾಯ. ಡ್ರೈವರಣ್ಣ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಅಮ್ಮನಿಗೆ ಹೇಳಿದೆ. ‘ಕೆರೆ ಅಂದಮೇಲೆ ನೆರಳು ಬೇಡ್ವೇನೇ? ಒಂದು ಮರ ನೆಡ್ಸು’ ಎಂದಳು.

ಜೂನ್ 18, ಬುಧವಾರ

ಅಮ್ಮನ ಮರ ಬಂದಿದೆ. ಅದರ ಕೆಳಗೆ ಬೆಂಚು. ಬೆಂಚಿನ ಮೇಲೆ ರೇಡಿಯೋ. ಒಂದು ಕಿವಿ ಮಾತ್ರ ಬಿಳಿ ಇರುವ ನಾಯಿ. ಸಂಗೀತದ ಪಾಠದ ದಿನ ರೇಡಿಯೋ ಹಾಡಿತು. ಹಾಡಿದ್ದು ಡ್ರೈವರಣ್ಣ. ಪದಗಳು ಗೊತ್ತಿಲ್ಲದ ಕಡೆಯಲ್ಲೆಲ್ಲ ‘ಸಂಡೇ, ಸಂಡೇ’ ಎಂದು ತುಂಬಿಸಿದರು. ಮ್ಯೂಸಿಯಂ ಪಾಠ ಬಂದಾಗ ಮಾಮ ಆಚೆ ದಡದಲ್ಲಿ ಒಂದು ಮ್ಯೂಸಿಯಂ ಕಟ್ಟಿಸಿದರು. ಅದಕ್ಕೆ ಬಾಗಿಲಿದೆ, ಬೀಗವಿಲ್ಲ. ‘ಐ ಆ್ಯಮ್ ಆನ್ ಹಾಲಿಡೇ’ ಎಂದರು.

ಈಗ ಪಾಠ ಮಾಡುತ್ತಿದ್ದೇನೆ ಅನಿಸುವುದೇ ಇಲ್ಲ. ಸಂಜೆಯ ಬೆಳಕು ಬೋರ್ಡಿನ ಮೇಲೆ ಬಿದ್ದಾಗ ಹಳದಿ ಗೆರೆ ಅಲುಗಿದ ಹಾಗೆ ಕಾಣುತ್ತದೆ. ಹತ್ತು ಜನ ದೊಡ್ಡವರು ಬಾಯಿ ಸ್ವಲ್ಪ ತೆರೆದುಕೊಂಡು ಅದನ್ನೇ ನೋಡುತ್ತಿರುತ್ತಾರೆ. ನಾನೂ ನೋಡುತ್ತೇನೆ. ಯಾರೋ ಮೆಲ್ಲಗೆ ‘ದ ವಾಟರ್ ಈಸ್ ಕೋಲ್ಡ್’ ಅನ್ನುತ್ತಾರೆ. ಕಾಲು ತಣ್ಣಗಾಗುತ್ತದೆ.

ಮೆಟ್ಟಿಲಿಳಿಯುವಾಗ ಇಸ್ತ್ರಿ ಅಕ್ಕನಿಗೆ ಕೆಮ್ಮು. ಗೋಡೆ ಹಿಡಿದು ನಿಂತರು. ಹೋಟೆಲಿನ ನೆಲಮಾಳಿಗೆಯಲ್ಲಿ ಇಡೀ ದಿನ ಹಬೆ. ಅದನ್ನು ಬಿಡದಿದ್ದರೆ ಎದೆ ಸರಿಹೋಗುವುದಿಲ್ಲ ಎಂದಿದ್ದಾರಂತೆ ಡಾಕ್ಟರು. ಮೇಲಿನ ಮಹಡಿಯಲ್ಲಿ ಫೋನ್ ನೋಡಿಕೊಳ್ಳುವ ಜಾಗ ಖಾಲಿ ಇದೆ. ನಮ್ಮ ಬಿಗಿನರ್ಸ್ ಟೆಸ್ಟ್ ಪಾಸಾದ ಸರ್ಟಿಫಿಕೇಟ್ ತಂದರೆ ಕೊಡುತ್ತೇನೆ ಎಂದಿದ್ದಾನೆ ಮ್ಯಾನೇಜರ್. ಜುಲೈ ಮುಗಿಯುವವರೆಗೆ ಕಾಯುತ್ತಾನೆ, ಆಮೇಲೆ ಹೊರಗಿನವರನ್ನು ತೆಗೆದುಕೊಳ್ಳುತ್ತಾನೆ.

‘ಆ ಕುರ್ಚಿ ಕಿಟಕಿ ಪಕ್ಕಾನೇ ಇದೆ ಮೇಡಂ’ ಎಂದರು. ‘ನೋಡ್ಕೊಂಡು ಬಂದೆ.’

ಜೂನ್ 27, ಬೆಳಿಗ್ಗೆ

ಕನಸು. ಕೆರೆ. ನೀರು ಚಾಕಿನ ಹಳದಿ. ಎಲ್ಲರೂ ದೋಣಿಯಲ್ಲಿ ದೂರ ದೂರ ಹೋಗುತ್ತಿದ್ದಾರೆ, ಹಾಡು ಕೇಳಿಸುತ್ತಿದೆ. ನಾನು ದಡದಲ್ಲಿ ನಿಂತು ಹಾಜರಿ ಕರೆಯುತ್ತಿದ್ದೇನೆ.

ಅಮ್ಮನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ‘ಕನಸಲ್ಲೂ ಡ್ಯೂಟಿ.’ ನನಗೆ ಅಷ್ಟು ನಗು ಬರಲಿಲ್ಲ.

ಜುಲೈ 9, ಬುಧವಾರ

ಟೆಸ್ಟ್ ಆಯಿತು. ದೊಡ್ಡ ಕಟ್ಟಡ, ಉದ್ದ ಕಾರಿಡಾರು. ಒಬ್ಬೊಬ್ಬರನ್ನೇ ಒಳಗೆ ಕರೆದರು. ಅದೃಷ್ಟ ನೋಡಿ — ವಿಷಯ: ‘ಎ ಡೇ ಆಫ್’. ಒಬ್ಬೊಬ್ಬರೂ ಮುಖ ಅರಳಿಸಿಕೊಂಡೇ ಹೊರಗೆ ಬಂದರು. ಇಸ್ತ್ರಿ ಅಕ್ಕ ಒಂದು ಸಲವೂ ಕೆಮ್ಮಲಿಲ್ಲವಂತೆ.

ಟೀ ಕುಡಿದೆವು. ಮಾಮ ಹೊಸ ವಾಕ್ಯಗಳನ್ನೂ ಸೇರಿಸಿದರಂತೆ, ನಾಯಿ ಮ್ಯೂಸಿಯಂ ಒಳಗೆ ಹೋಯಿತು ಎಂದು. ‘ಟಿಕೆಟ್?’ ಎಂದು ಕೇಳಿದರು ಡ್ರೈವರಣ್ಣ. ಇಷ್ಟು ಹಗುರಾಗಿ ಮನೆಗೆ ಬಂದು ಬಹಳ ದಿನವಾಗಿತ್ತು.

ಜುಲೈ 16

ರಿಸಲ್ಟ್ ತಡೆಹಿಡಿದಿದ್ದಾರೆ. ಹತ್ತೂ ಜನರದ್ದು.

ಪತ್ರದಲ್ಲಿ ಬರೆದ ಕಾರಣ: ‘ಈ ಕೇಂದ್ರದ ಅಭ್ಯರ್ಥಿಗಳೆಲ್ಲರೂ ಬಾಯಿಪಾಠ ಮಾಡಿದ ಒಂದೇ ಉತ್ತರ ಹೇಳಿದ್ದಾರೆ.’ ಹಸಿರು ದೋಣಿ, ಬಿಳಿ ಕಿವಿಯ ನಾಯಿ, ಬೀಗವಿಲ್ಲದ ಮ್ಯೂಸಿಯಂ. ಹತ್ತು ಸಲ.

ಅಯ್ಯೋ. ಒಂದೇ ಕುರ್ಚಿಯಲ್ಲಿ ಕೂತು ಒಬ್ಬರೇ ಪರೀಕ್ಷಕಿ ಇದನ್ನೆಲ್ಲ ಸಾಲಾಗಿ ಕೇಳಿಸಿಕೊಳ್ಳುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲ. ಅಷ್ಟು ಮುಳುಗಿಹೋಗಿದ್ದೆ ಆ ಕೆರೆಯಲ್ಲಿ.

ಕ್ಲಾಸಿನಲ್ಲಿ ಹೇಳಬೇಕಾಯಿತು. ಡ್ರೈವರಣ್ಣನಿಗೆ ಸಿಟ್ಟು. ಮಾಮ ಮಾತ್ರ ನಿಧಾನವಾಗಿ, ‘ಒಂದೇ ಕೆರೆಗೆ ಹತ್ತು ಜನ ಹೋಗಬಾರ್ದಾ ಮೇಡಂ?’ ಎಂದರು. ಇಸ್ತ್ರಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಅವರ ಮುಖ ನೋಡಲಾಗಲಿಲ್ಲ ನನಗೆ.

ಜುಲೈ 18, ಶುಕ್ರವಾರ

ಸ್ಕೂಲಿಗೆ ರಜೆ ಹಾಕಿ ಪರೀಕ್ಷಕಿಯನ್ನು ಹುಡುಕಿಕೊಂಡು ಹೋದೆ. ನನಗಿಂತ ಚಿಕ್ಕವರು. ಗಂಟು ಮುಖದವರೇನಲ್ಲ.

‘ಉರು ಹೊಡೆಸೋದು ನಮಗೇನೂ ಹೊಸದಲ್ಲ’ ಎಂದರು. ‘ಆದ್ರೆ ಸಾಮಾನ್ಯವಾಗಿ ಎಲ್ಲಾರೂ ಟೆನಿಸ್ ಆಡಿಸ್ತಾರೆ.’

ಇಟ್ಟದ್ದನ್ನು ತೆಗೆಯಬಾರದೆಂಬ ನಿಯಮ, ಕೆರೆ, ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಬರುವ ಶುಕ್ರವಾರ ಅವರೇ ನಮ್ಮ ಕ್ಲಾಸಿಗೆ ಬರುತ್ತಾರಂತೆ. ‘ಗೊತ್ತಿಲ್ಲದ ಪ್ರಶ್ನೆ ಕೇಳ್ತೀನಿ. ಉರು ಹೊಡೆದಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ.’

ಜುಲೈ 21, ಸೋಮವಾರ

ಹೆದರಿದೆ ನಾನು. ಡ್ರೈವರಣ್ಣನಿಂದ ಡಸ್ಟರ್ ಕೇಳಿ ಪಡೆದು ಬೋರ್ಡು ಒರೆಸಿಬಿಟ್ಟೆ. ಕೆರೆ, ಮರ, ನಾಯಿ, ಎಲ್ಲ. ‘ಪುಸ್ತಕದಲ್ಲಿ ಇರೋದನ್ನೇ ಹೇಳೋಣ. ಒಬ್ಬೊಬ್ಬರು ಒಂದೊಂದು ಹವ್ಯಾಸ ಆರಿಸಿಕೊಳ್ಳಿ.’

ಇಸ್ತ್ರಿ ಅಕ್ಕನಿಗೆ ಟೆನಿಸ್ ಬಂತು. ‘ಐ ಪ್ಲೇ…’ ಎಂದವರು ನಿಲ್ಲಿಸಿದರು. ಮತ್ತೆ ‘ಐ ಪ್ಲೇ…’

‘ಆಗಲ್ಲ ಮೇಡಂ. ನಾನು ಯಾವತ್ತೂ ಆಡಿಲ್ಲ.’

‘ಕೆರೆಗೂ ಹೋಗಿರಲಿಲ್ಲವಲ್ಲ ಅಕ್ಕ?’

‘ಹೋಗ್ತೀನಲ್ಲ. ಕೆಳಗೆ ಇಸ್ತ್ರಿ ಹಾಕ್ತಾ ಹಾಕ್ತಾ ದಿನಾ ಹೋಗಿಬರ್ತೀನಿ. ಇಲ್ದಿದ್ರೆ ಆ ಹಬೇಲಿ ಹೇಗೆ ಇರ್ಲಿ?’

ಚಾಕ್ ತೆಗೆದುಕೊಂಡೆ. ವೃತ್ತ ಮೊದಲಿಗಿಂತಲೂ ಸೊಟ್ಟಗೆ ಬಂತು. ಮರ ಎಲ್ಲಿತ್ತು ಎಂದು ನನಗೆ ಮರೆತುಹೋಗಿತ್ತು. ಅವರೇ ಹೇಳಿದರು — ಸ್ವಲ್ಪ ಎಡಕ್ಕೆ, ಇನ್ನೂ ಎಡಕ್ಕೆ.

ಜುಲೈ 25, ಶುಕ್ರವಾರ, ಸಂಜೆ

ಬರೆದುಬಿಡಬೇಕು.

ಪರೀಕ್ಷಕಿ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಬೋರ್ಡನ್ನು ಬಹಳ ಹೊತ್ತು ನೋಡಿದರು. ಕೆರೆಯಲ್ಲಿ ಈಗ ಮಳೆ ಬಂದರೆ ಏನು ಮಾಡುತ್ತೀರಿ ಎಂದು ಮಾಮನನ್ನು ಕೇಳಿದರು. ಮ್ಯೂಸಿಯಂಗೆ ಓಡುತ್ತೇವೆ, ಬಾಗಿಲು ತೆರೆದೇ ಇದೆ ಎಂದರು ಮಾಮ. ಪಕ್ಕದವರನ್ನು ಕೇಳಿದರು. ಇಲ್ಲ, ನಾನು ಮರದ ಕೆಳಗೇ ನಿಲ್ಲುತ್ತೇನೆ, ನಾಯಿಗೆ ಮಳೆ ಇಷ್ಟ ಎಂದರು ಅವರು. ಪರೀಕ್ಷಕಿಯ ಪೆನ್ನು ನಿಂತಿತು.

ಆಮೇಲೆ ಇಸ್ತ್ರಿ ಅಕ್ಕನ ಕಡೆ ತಿರುಗಿ: ‘ಹೂ ಈಸ್ ನಾಟ್ ಇನ್ ದ ಬೋಟ್?’

ಈ ಪ್ರಶ್ನೆ ನಾನು ಯಾವತ್ತೂ ಕೇಳಿರಲಿಲ್ಲ. ಅಕ್ಕ ಮೇಜನ್ನು ಸವರುತ್ತಾ ಇದ್ದರು. ಕೆಮ್ಮು ಬಂತು, ತಡೆದುಕೊಂಡರು. ನನ್ನ ಕಡೆ ನೋಡಲಿಲ್ಲ.

‘ಮೈ ಟೀಚರ್ ಈಸ್ ನಾಟ್ ಇನ್ ದ ಬೋಟ್.’

‘ವೈ?’

‘ದೇರ್ ಈಸ್ ಒನ್ ಪ್ಲೇಸ್. ವಿ ಕೀಪ್ ಇಟ್. ಎವ್ರಿ ಸಂಡೇ ವಿ ಕಾಲ್. ಶಿ ಸೇಸ್, ಐ ಹ್ಯಾವ್ ಪೇಪರ್ಸ್.’

ಪರೀಕ್ಷಕಿ ಡ್ರೈವರಣ್ಣನನ್ನು ನೋಡಿದರು. ‘ಈಸ್ ಇಟ್ ಟ್ರೂ?’

‘ಯೆಸ್’ ಎಂದರು ಡ್ರೈವರಣ್ಣ, ಬಹಳ ದುಃಖದಿಂದ. ‘ಐ ಹಾರ್ನ್ ಆ್ಯಂಡ್ ಹಾರ್ನ್. ಶಿ ಡಸ್ ನಾಟ್ ಕಮ್.’

ದೋಣಿಗೆ ಹಾರ್ನ್ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಇಟ್ಟದ್ದನ್ನು ತೆಗೆಯುವಂತಿಲ್ಲ. ನಾನು ಕಿಟಕಿಯ ಹತ್ತಿರ ಹೋಗಿ ಸೈಕಲ್ ಅಂಗಡಿಯ ಬೋರ್ಡು ಓದುತ್ತಾ ನಿಂತೆ. ಅಳು ಬಂದಿತ್ತು. ಇಷ್ಟು ದಿನ ಅವರಿಗೆ ಭಾನುವಾರ ಇಲ್ಲ ಎಂದು ಮರುಗುತ್ತಿದ್ದೆ. ಇವರೆಲ್ಲ ದೋಣಿಯ ಹುಟ್ಟು ಎತ್ತಿಟ್ಟು ನನಗೆ ಕಾಯುತ್ತಾ ಕೂತಿದ್ದಾರೆ ಎಂದು ಗೊತ್ತೇ ಇರಲಿಲ್ಲ.

ಹೊರಡುವಾಗ ಪರೀಕ್ಷಕಿ ಬಾಗಿಲಲ್ಲಿ ನಿಂತು ಹೇಳಿದರು: ‘ಹತ್ತೂ ಜನ ಪಾಸ್. ಸರ್ಟಿಫಿಕೇಟ್ ಸೋಮವಾರ ಬರುತ್ತೆ.’ ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿದರು. ‘ಆ ಮರದ ಕೆಳಗಿನ ಬೆಂಚಿನಲ್ಲಿ ಇನ್ನೊಬ್ರಿಗೆ ಜಾಗ ಇದ್ಯಾ?’

ಆಗಸ್ಟ್ 1, ಶುಕ್ರವಾರ

ಬೆಳಿಗ್ಗೆ ಫೋನು. ‘ಗುಡ್ ಮಾರ್ನಿಂಗ್. ಹೌ ಮೇ ಐ ಹೆಲ್ಪ್ ಯು?’

‘ಅಕ್ಕ, ನೀವೇ ಫೋನ್ ಮಾಡಿ ಹೀಗೆ ಕೇಳಿದ್ರೆ ಹೇಗೆ?’

‘ಪ್ರಾಕ್ಟೀಸ್ ಮೇಡಂ. ಕುರ್ಚಿ ಸಿಕ್ತು. ಇಲ್ಲಿಂದ ಒಂದು ಮರ ಕಾಣುತ್ತೆ.’ ಅದೇ ಉಸಿರಿನಲ್ಲಿ, ‘ಭಾನುವಾರ ಏನ್ಮಾಡ್ತೀರಿ?’

‘ಪೇಪರ್ ತಿದ್ದೋದಿದೆ ಅಕ್ಕ.’

‘ಗೊತ್ತು’ ಎಂದು ಫೋನಿಟ್ಟರು.

ಆಗಸ್ಟ್ 3, ಭಾನುವಾರ, ಬೆಳಿಗ್ಗೆ

ಒಂಬತ್ತನೇ ಕ್ಲಾಸಿನ ಪೇಪರು ಹರಡಿಕೊಂಡು ಕೂತಿದ್ದೇನೆ. ಕೆಂಪು ಪೆನ್ನು ಸರಿಯಾಗಿ ಬರೆಯುತ್ತಿಲ್ಲ. ಅಮ್ಮ ಆಗಲೇ ಸ್ನಾನ ಮಾಡಿ ಹೊಸ ಸೀರೆ ಉಟ್ಟು ಓಡಾಡುತ್ತಿದ್ದಾಳೆ. ಏಕೆ ಎಂದರೆ, ‘ನಿನಗ್ಯಾಕೆ, ನೀನು ತಿದ್ದು’ ಎಂದಳು.

ಕೆಳಗೆ ಹಾರ್ನ್. ಬಸ್ಸಿನದು. ನಮ್ಮ ಬೀದಿಗೆ ಬಸ್ ಬರುವುದೇ ಇಲ್ಲ.

ಮತ್ತೆ ಹಾರ್ನ್. ಕಿಟಕಿಯಿಂದ ನೋಡಿದೆ — ಹತ್ತೂ ಜನ. ಪರೀಕ್ಷಕಿ ಹ್ಯಾಟ್ ಹಾಕಿಕೊಂಡಿದ್ದಾರೆ. ಅಮ್ಮ ಯಾವ ಮಾಯದಲ್ಲಿ ಇಳಿದಳೋ, ಒಳ್ಳೆಯ ಸೀಟು ಹಿಡಿದು ಕೂತಿದ್ದಾಳೆ. ಇಸ್ತ್ರಿ ಅಕ್ಕ ಪಕ್ಕದ ಸೀಟಿನ ಮೇಲೆ ಕೈಯಿಟ್ಟುಕೊಂಡಿದ್ದಾರೆ, ಯಾರೂ ಕೂರದ ಹಾಗೆ. ಬೀಗದ ಮಾಮ ಡಬ್ಬಿಯೊಂದನ್ನು ಎತ್ತಿ ತೋರಿಸುತ್ತಾ ಕೂಗುತ್ತಿದ್ದಾರೆ: ‘ಮೇಡಂ, ನಾವು ಹೋಗ್ತಿರೋ ಕೆರೇಲಿ ದೋಣಿ ನೀಲಿಯಂತೆ. ಪರವಾಗಿಲ್ಲ, ಹಸಿರು ಬಣ್ಣ ತಂದಿದೀನಿ. ದೋಣಿಯವ್ನು ಒಪ್ಪಿದಾನೆ.’

ಹಾರ್ನ್ ನಿಲ್ಲುತ್ತಿಲ್ಲ. ಇಡೀ ಬೀದಿ ಎದ್ದು ಬಾಗಿಲಿಗೆ ಬಂದಿದೆ. ಒಂದೇ ಒಂದು ಪೇಪರು ತಿದ್ದಿ ಹೋಗೋಣ ಎಂದು ಪೆನ್ನು ತೆಗೆದುಕೊಂಡರೆ ಅದು ಬರೆಯುತ್ತಲೇ ಇಲ್ಲ — ಬಂದೆ, ಬಂದೆ