ಇಜ್ಬೋರ್ಸ್ಕ್ ಕೋಟೆಯ ಮೇಲೆ ಬಂದ ಫೋನು

ಪ್ಸ್ಕೋವ್
ಸೆಪ್ಟೆಂಬರ್ ೧೯

ಮುದ್ದಿನ ತಾಸ್ಯಾ,

ಹೇಗಿದ್ದೀಯಮ್ಮಾ? ನಿಮ್ಮ ನೊರಿಲ್ಸ್ಕ್‌ನಲ್ಲಿ ಆಗಲೇ ಹಿಮ ಬೀಳುತ್ತಿರಬೇಕು. ಉಣ್ಣೆಯ ಕಾಲುಚೀಲ ಬಿಡಬೇಡ, ನಿನ್ನ ಗಂಡ ಇಗ್ನಾತನಿಗೂ ಹೇಳು. ನನ್ನ ಮಂಡಿನೋವು ನನಗಿಂತ ಗಟ್ಟಿಮುಟ್ಟಾಗಿದೆ. ನಿನ್ನಮ್ಮ ಚೆನ್ನಾಗಿದ್ದಾಳೆ. ಈ ಒಂದು ಮಾತು ಬರೆಯಲು ಇಷ್ಟು ದಿನ ಕೈ ಏಳಲಿಲ್ಲ, ಪತ್ರ ತಡವಾದದ್ದು ಅದಕ್ಕೇ.

ಕಳೆದ ತಿಂಗಳು ಅವಳ ಎದೆಯಲ್ಲೊಂದು ಗಂಟು ಸಿಕ್ಕಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. "ತಾಸ್ಯಾಗೆ ಹೇಳಿದ್ಯೋ, ನಿನ್ ಜೊತೆ ಮಾತು ಬಿಡ್ತೀನಿ" ಅಂದಳು. ಅವಳು ಮಾತು ಬಿಟ್ಟಾಳೆಂದು ನಂಬಲಾರೆ, ಆದರೂ ಹೆದರಿ ಸುಮ್ಮನಿದ್ದೆ. ನಿನ್ನೆ ಡಾಕ್ಟರಮ್ಮ ಫೋನ್ ಮಾಡುವವರಿದ್ದರು. ಅಮ್ಮ ಬೆಳಗ್ಗೆ ಎದ್ದವಳೇ ತಲೆಗೆ ವಸ್ತ್ರ ಕಟ್ಟಿ, ಎಲೆಕೋಸು ತುಂಬಿ ಸುಟ್ಟ ಪಿರೋಗ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದಳು. "ಏಳಯ್ಯಾ, ಇಜ್ಬೋರ್ಸ್ಕ್‌ಗೆ ಹೋಗೋಣ. ಫೋನ್ ಮುಂದೆ ಹೆಣ ಕಾಯೋ ಹಾಗೆ ಕೂರೋಕೆ ನನ್ ಕೈಲಾಗಲ್ಲ."

ಬಸ್ಸಿಳಿದು ನೇರ ಕೋಟೆಗೇ ನಡೆದಳು. ಲುಕೋವ್ಕಾ ಗೋಪುರದ ಮರದ ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತುತ್ತಾ, ಹಿಂದುಳಿದ ನನ್ನನ್ನು ಗೇಲಿ ಮಾಡಿದಳು: "ಬೇಗ ಬಾರೋ ಮುದುಕಾ! ಹಿಂದಿನ ಕಾಲದಲ್ಲಾಗಿದ್ರೆ ಶತ್ರುಗಳು ನಿನ್ನೇ ಮೊದ್ಲು ಹಿಡೀತಿದ್ರು." ಕೆಳಗಿನ ಟಿಕೆಟ್ಟಿನ ಹೆಂಗಸು ಬಿದ್ದು ಬಿದ್ದು ನಕ್ಕಳು. ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ಕೆರೆಯಲ್ಲಿ ಹಂಸಗಳು ತೇಲುತ್ತಿದ್ದವು. ಅಷ್ಟರಲ್ಲಿ ನನ್ನ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ನಾನಿನ್ನೂ ಜೇಬು ತಡಕುತ್ತಿದ್ದೆ, ತಾಸ್ಯಾ. ಅವಳೇ ಕಿತ್ತುಕೊಂಡಳು. "ಹ್ಞೂಂ... ಹ್ಞೂಂ... ಇನ್ನೊಂದ್ಸಲ ಹೇಳೀಮ್ಮಾ, ಗಾಳಿ ಇಲ್ಲಿ." ಆಮೇಲೆ ಫೋನನ್ನು ನನ್ನ ಕಿವಿಗೆ ಒತ್ತಿದಳು: "ನೀನೇ ಕೇಳು, ನನ್ ಕಿವೀನ ನಾನು ನಂಬಲ್ಲ."

ಕ್ಯಾನ್ಸರ್ ಅಲ್ಲವಂತೆ. ಬರೀ ಸಾದಾ ಗಂಟು, ಆಗಾಗ ತೋರಿಸಿಕೊಂಡರೆ ಸಾಕಂತೆ. ನಾನು ಆ ತಣ್ಣನೆಯ ಕಲ್ಲಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅಮ್ಮ ತಲೆವಸ್ತ್ರದ ತುದಿಯಿಂದ ನನ್ನ ಮೂಗು ಒರೆಸಿದಳು. "ಗಂಟು ನಂದು, ಅಳೋನು ನೀನಾ!" ಅನ್ನುತ್ತಲೇ ಅಲ್ಲೇ ಹಲಗೆಯ ಮೇಲೆ ಕೂತುಬಿಟ್ಟಳು. ಆಮೇಲೆ ಕೆಳಗಿಳಿದು, ಕೋಟೆಯ ಬುಡದ ನೀರಿನ ಬುಗ್ಗೆಯ ಹತ್ತಿರ ಹೋಗಿ ಮುಖ ತೊಳೆದೆವು. ವಾರಗಟ್ಟಲೆ ಸರಿಯಾಗಿ ತುತ್ತು ಎತ್ತದವಳು ಮುಕ್ಕಾಲು ಪಿರೋಗ್ ಮುಗಿಸಿ, ನನಗೆ ಅಂಚು ಕೊಟ್ಟಳು. ಅಷ್ಟು ರುಚಿಯಾದ ಅಂಚನ್ನು ನಾನು ತಿಂದೇ ಇರಲಿಲ್ಲ.

ದೇವಮಾತೆ ನಿಮ್ಮಿಬ್ಬರನ್ನೂ ಬೆಚ್ಚಗಿಡಲಿ.

ನಿನ್ನ ಅಪ್ಪ,
ಲುಕ್ಯಾನ್

ತಾ.ಕ.: ಅಮ್ಮ ಹಾಲು ತರಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಗೋಪುರದ ಮೇಲೆ, ಫೋನ್ ಬರುವ ಮುಂಚೆ ಹೇಳಿದಳು: "ಕೆಟ್ ಸುದ್ದಿ ಬಂದ್ರೆ, ಅವಳ ಮದುವೆಗೆ ನಾನು ಹೋಗದೇ ಇದ್ದದ್ದು ನಂದೇ ತಪ್ಪು ಅಂತ ತಾಸ್ಯಾಗೆ ನೀನು ಹೇಳ್ಬಿಡು. ಒಳ್ಳೇದು ಬಂದ್ರೆ ನಾನೇ ಹೇಳ್ತೀನಿ." ನಿನ್ನ ಹುಟ್ಟುಹಬ್ಬದ ದಿನ ಫೋನ್ ಮಾಡುತ್ತಾಳೆ, ಅವಳಿಗೊಂದು ನೆಪ ಬೇಕು. ಮೊದಲು ಆಲೂಗಡ್ಡೆ, ಚಳಿ, ಪಕ್ಕದ ಮನೆಯ ಬೆಕ್ಕು ಅಂತ ಸುತ್ತಿ ಬಳಸುತ್ತಾಳೆ. ನಡುವೆ ಫೋನ್ ಇಡಬೇಡ, ಮಗಳೇ.